ಬೆಳ್ಳಿಯ ಸತ್ಯವೂ ಬಿರುದಿನ ಸತ್ಯವೂ

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಮಿತ್ರರೊಬ್ಬರು ಮಂಗೋಲಿಯಾ, ರಷ್ಯಾ ದೇಶಗಳ ಕಮ್ಯೂನಿಸ್ಟ್ ಸರಕಾರಗಳು ಕೊಡುತ್ತಿದ್ದ ಪದಕಗಳ ಸಂಗ್ರಹವನ್ನೂ ಅವುಗಳ ಸಾಚಾತನದ ಪರೀಕ್ಷೆಯನ್ನೂ ಕುರಿತು ವಿಸ್ತಾರವಾದ ಲೇಖನವೊಂದನ್ನು ಬರೆದಿರುವರು. ಲೇಖನದಲ್ಲಿ ಪರಿಶ್ರಮವಿದೆ, ನಾನು ಕಲಿತುಕೊಂಡದ್ದೂ ಬಹಳವಿದೆ. ಆದರೆ ಕೊನೆಯಲ್ಲಿ ಅವರು ಸ್ಥಾಪಿಸಿರುವ ಸಿದ್ಧಾಂತವನ್ನು ಮಾತ್ರ ನಾನು ಒಪ್ಪಲಾರೆ. ಲೋಹವೂ ಅಚ್ಚೂ ಸಾಚಾ ಆಗಿದ್ದರೆ ಪದಕವೂ ಸಾಚಾ. ಅದನ್ನು ಯಾರಿಗೆ ಕೊಟ್ಟರು, ಏತಕ್ಕೆ ಕೊಟ್ಟರು ಎಂಬುದೆಲ್ಲ ಅಂಗಡಿಯವನು ಕಟ್ಟುವ ಕಥೆ. ಸಂಗ್ರಾಹಕನು ಪದಕವನ್ನು ಕೊಳ್ಳಬೇಕೇ ಹೊರತು ಕಥೆಯನ್ನಲ್ಲ. ಇದು ಅವರ ಮತದ ಸಾರ. ಕೇಳುವುದಕ್ಕೆ ಜಾಣತನದ ಮಾತಾಗಿರುವ ಇದು ಪರಿಣಾಮದಲ್ಲಿ ಎಂತಹ ಅನ್ಯಾಯಕ್ಕೆ ಎಡೆಗೊಡುವುದೆಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಎರಡು ವರ್ಷಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಉಲಾನ್‌ಬಾತರ್ ನಗರದಿಂದ ಹಿಂದಿರುಗಿದವನು, ಅಲ್ಲಿ ಕೊಂಡ ಬೆಳ್ಳಿಯ ಪದಕವೊಂದನ್ನು ನನ್ನ ಅಂಗೈಯಲ್ಲಿಟ್ಟನು. “ಮೇಷ್ಟ್ರೆ, ಇದರ ಹೆಸರು ಆಲ್ತನ್ ಗದಸ್. ಆ ನಾಡಿನ ಧ್ವಜದ ಮೇಲೂ ಎಷ್ಟೋ ಪದಕಗಳ ಮೇಲೂ ಸೊಯೊಂಬೊ ಎಂಬ ಚಿಹ್ನೆಯಿರುತ್ತದೆ. ಅದು ಸಂಸ್ಕೃತದ ಶಬ್ದವಂತೆ, ನಿಜವೆ?” ಎಂದು ಕೇಳಿದನು. ನಿಜವೇ ಸರಿ. ಸೊಯೊಂಬೊ ಎಂಬುದು ನಮ್ಮ ‘ಸ್ವಯಂಭೂ’ ಶಬ್ದವೇ. 1686ರಲ್ಲಿ ಅದೇ ಹೆಸರಿನ ಲಿಪಿಯನ್ನು ರಚಿಸಿದ ಧರ್ಮಗುರು ಜನಬಜರನ ಹೆಸರಾದರೂ ‘ಜ್ಞಾನವಜ್ರ’ವೇ. ಆಲ್ತನ್ ಗದಸ್ ಎಂದರೆ ಚಿನ್ನದ ಗೂಟ. ಮಂಗೋಲರು ಧ್ರುವನಕ್ಷತ್ರವನ್ನು ಹಾಗೆ ಕರೆಯುವರು. ನಮ್ಮ ಪುರಾಣಕಾರರೂ ಧ್ರುವನನ್ನು ಕಣದ ಮೇಟಿಗೆ ಹೋಲಿಸಿರುವರಷ್ಟೆ. 1936ರಲ್ಲಿ ಸ್ಥಾಪಿತವಾದ ಈ ಬಿರುದನ್ನು ಯೋಧರಿಗೆ ಮಾತ್ರವಲ್ಲ, ಕುರಿಗಾಹಿಗಳಿಗೂ ಉಪಾಧ್ಯಾಯರಿಗೂ ಕೊಟ್ಟರು, ಇಂದಿಗೂ ಕೊಡುತ್ತಿರುವರು. ಅಷ್ಟು ದೂರದ ಹುಲ್ಲುಗಾವಲಿನಲ್ಲಿ ನಮ್ಮ ಕಣದ ಮೇಟಿಯನ್ನು ಕಂಡಂತಾಗಿ ನನಗೆ ಹರ್ಷವಾಯಿತು.

ಆದರೆ ಪದಕವನ್ನು ತಿರುಗಿಸಿ ನೋಡಿದಾಗ ಆ ಹರ್ಷವು ಉಳಿಯಲಿಲ್ಲ. ಹಿಂಬದಿಯಲ್ಲಿ ಕ್ರಮಸಂಖ್ಯೆಯಿರಬೇಕಾದ ಜಾಗವು ನುಣ್ಣಗಾಗಿದ್ದಿತು. ಭೂತಗನ್ನಡಿಯಲ್ಲಿ ನೋಡಿದರೆ ಅರದ ಗೀರುಗಳು ಸ್ಪಷ್ಟವಾಗಿ ತೋರಿದವು. ಅದರೊಡನೆ ಚಿಕ್ಕ ಪುಸ್ತಕವೊಂದು ಇದ್ದಿತಲ್ಲವೆ ಎಂದು ಕೇಳಿದೆನು. ಇದ್ದಿತಂತೆ, ಹಳೆಯ ಕಾಗದವೆಂದು ಅಂಗಡಿಯವನು ಎಸೆದುಬಿಟ್ಟನಂತೆ. ಇದು ಒಬ್ಬ ಸೇನಾಪತಿಯದೆಂದು ಹೇಳಿ ಬೆಲೆಯನ್ನು ಮಾತ್ರ ಎರಡರಷ್ಟು ಮಾಡಿದನಂತೆ.

ಮಿತ್ರರ ಪರೀಕ್ಷೆಯಲ್ಲಿ ಈ ಪದಕವು ಉತ್ತೀರ್ಣವಾಗುವುದು. ಬೆಳ್ಳಿ ಸಾಚಾ, ಅಚ್ಚೊತ್ತಿದ ಅಂಚುಗಳು ಚೂಪಾಗಿವೆ, ಎರಕದ ನಕಲಿನಲ್ಲಿ ಕಾಣುವ ಸಣ್ಣ ಕುಳಿಗಳಿಲ್ಲ, ಮೀನಾಕಾರಿಯು ಬೆಂಕಿಯಲ್ಲಿ ಬೆಂದದ್ದೇ ಹೊರತು ಬಣ್ಣದ ಅಂಟಲ್ಲ. ಆದರೂ ಅದು ಯಾರದು? ಯಾವ ಮಂಜಿನ ಇರುಳಿನಲ್ಲಿ ಹಿಂಡನ್ನು ಕಾಪಾಡಿದ ಕುರಿಗಾಹಿಯದು? ಯಾವ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ಮೇಷ್ಟರದು? ಉತ್ತರವು ಆ ಸಂಖ್ಯೆಯಲ್ಲಿದ್ದಿತು. ಸಂಖ್ಯೆಯನ್ನು ಅರವು ತಿಂದಿತು.

ತರ್ಕಶಾಸ್ತ್ರದಲ್ಲಿ ನಾಲ್ಕು ಪ್ರಮಾಣಗಳುಂಟು. ಮಿತ್ರರು ಅವುಗಳಲ್ಲಿ ಮೂರನ್ನು ಅರಿಯದೆಯೇ ಅಂಗೀಕರಿಸಿರುವರು. ಭೂತಗನ್ನಡಿಯಿಂದ ನೋಡುವುದು ಪ್ರತ್ಯಕ್ಷ. ಸಾಚಾ ಎಂದು ಸಿದ್ಧವಾದ ಪದಕದೊಡನೆ ಹೋಲಿಸುವುದು ಉಪಮಾನ. ಲಿಪಿಯಿಂದ ಕಾಲವನ್ನು ಊಹಿಸುವುದು ಅನುಮಾನ: ಮಂಗೋಲಿಯಾದಲ್ಲಿ ರಷ್ಯನ್ ಲಿಪಿಯನ್ನು ಸ್ವೀಕರಿಸುವ ನಿರ್ಧಾರವಾದುದು 1941ರಲ್ಲಿ, ಅದು ಅಧಿಕೃತವಾದುದು 1946ರಲ್ಲಿ, ಆದುದರಿಂದ 1920ರ ದಶಕದ್ದೆಂದು ಹೇಳುವ ಪದಕದಲ್ಲಿ ಮಂಗೋಲ ಭಾಷೆಯು ರಷ್ಯನ್ ಅಕ್ಷರಗಳಲ್ಲಿದ್ದರೆ ಮೋಸವಿದೆಯೆಂದು ತಿಳಿಯಬೇಕು. ರಷ್ಯದ ಕೆಂಪು ಧ್ವಜದ ಬಿರುದನ್ನು 1943ರವರೆಗೆ ತಿರುಪಿನಿಂದ ಅಂಗಿಗೆ ಬಿಗಿಯುತ್ತಿದ್ದರು, ಅನಂತರ ಐದು ಮೂಲೆಯ ಪಟ್ಟಿಯಿಂದ ತೂಗುಬಿಟ್ಟರು. ಇದೂ ಅನುಮಾನಕ್ಕೆ ಸಾಧನವೇ. ಇಷ್ಟನ್ನೂ ಒಪ್ಪಿದವರು ನಾಲ್ಕನೆಯದಾದ ಶಬ್ದಪ್ರಮಾಣವನ್ನು, ಎಂದರೆ ಪದಕದ ಜೊತೆಗೆ ಬಂದ ಪುಸ್ತಕವನ್ನೂ ಸರಕಾರದ ಕಡತವನ್ನೂ, ಮಾತ್ರ ಏಕೆ ತಳ್ಳಬೇಕು? ಕಾಗದವನ್ನು ಸುಲಭವಾಗಿ ಕೃತಕವಾಗಿ ಸೃಷ್ಟಿಸಬಹುದೆಂದು ಅವರ ಆಕ್ಷೇಪ. ಲೋಹವನ್ನೂ ಸೃಷ್ಟಿಸಬಹುದಷ್ಟೆ! ಹಗ್ಗದಲ್ಲಿ ಹಾವಿನ ಭ್ರಮೆಯಾಯಿತೆಂದು ಕಣ್ಣನ್ನೇ ಕಿತ್ತುಕೊಳ್ಳುವವರುಂಟೆ? ಕಾಗದವನ್ನೂ ಪರೀಕ್ಷಿಸಬೇಕು, ಕಡತದೊಡನೆ ತಾಳೆ ನೋಡಬೇಕು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಪದಕಗಳನ್ನು ಪಡೆದವರ ದಾಖಲೆಗಳನ್ನು ರಷ್ಯದ ರಕ್ಷಣಾ ಇಲಾಖೆಯು 2010ರಿಂದ ಸಾರ್ವಜನಿಕರು ನೋಡುವಂತೆ ತೆರೆದಿಟ್ಟಿದೆ. ಬಾಗಿಲು ತೆರೆದಿರುವಾಗ ಒಳಗೆ ಹೋಗದೆ ಕತ್ತಲೆಯೆಂದು ದೂರುವುದು ಸಲ್ಲದು.

ಇನ್ನು ಲೋಹವೇ ಸತ್ಯವೆಂಬ ಮಾತನ್ನು ಎರಡು ದೃಷ್ಟಾಂತಗಳಿಂದ ಪರೀಕ್ಷಿಸೋಣ. 1943ರಲ್ಲಿ ಸೋವಿಯತ್ ಸರಕಾರವು ‘ವಿಜಯ’ವೆಂಬ ಬಿರುದನ್ನು ಸ್ಥಾಪಿಸಿತು. ಪ್ಲಾಟಿನಮ್ಮಿನ ನಕ್ಷತ್ರ, ಅದರಲ್ಲಿ ವಜ್ರಗಳು. ಯುದ್ಧದ ಗತಿಯನ್ನೇ ತಿರುಗಿಸಿದ ಮಹಾಸೇನಾನಿಗಳಿಗೆ ಮಾತ್ರ ಅದು ಸಲ್ಲಬೇಕಾಗಿದ್ದಿತು. 1978ರಲ್ಲಿ ಅದನ್ನು ಲಿಯೊನಿದ್ ಬ್ರೆಜ್ನೆವ್ ಪಡೆದನು. ಅವನು ಅಂತಹ ಸೇನಾನಿಯಾಗಿರಲಿಲ್ಲ. 1989ರಲ್ಲಿ ಅದೇ ಸರಕಾರವೇ ಆ ಬಿರುದನ್ನು ನಿಯಮಕ್ಕೆ ವಿರುದ್ಧವಾದುದೆಂದು ರದ್ದು ಮಾಡಿತು. ಪ್ಲಾಟಿನಮ್ ಸಾಚಾ, ವಜ್ರ ಸಾಚಾ, ಟಂಕಸಾಲೆ ಸಾಚಾ. ಬಿರುದು ಮಾತ್ರ ಸುಳ್ಳು. ಇದಕ್ಕೆ ವಿಪರೀತವಾಗಿ ವಸೀಲಿ ಬ್ಲ್ಯೂಖರ್ ಎಂಬ ಸೇನಾನಿಯನ್ನು ನೋಡಿರಿ. 1918ರಲ್ಲಿ ಸ್ಥಾಪಿತವಾದ ಕೆಂಪು ಧ್ವಜದ ಬಿರುದನ್ನು ಮೊತ್ತಮೊದಲು ಪಡೆದವನು ಅವನೇ. 1938ರಲ್ಲಿ ಅವನು ಮಾಸ್ಕೋದ ಸೆರೆಮನೆಯಲ್ಲಿ ಸತ್ತನು. ನಿರ್ದೋಷಿಯೆಂದು ಸರಕಾರವು ಒಪ್ಪಿದುದು 1956ರಲ್ಲಿ. ಸೆರೆಮನೆಯವರು ಅವನ ಎದೆಯ ಮೇಲಿನ ಲೋಹವನ್ನು ಕೀಳಬಲ್ಲವರಾಗಿದ್ದರು, ಬಿರುದನ್ನು ಕೀಳಬಲ್ಲವರಾಗಿರಲಿಲ್ಲ. ಲೋಹವಿದ್ದೂ ಬಿರುದಿಲ್ಲದಿರಬಹುದು, ಲೋಹವಿಲ್ಲದೆಯೂ ಬಿರುದು ನಿಲ್ಲಬಹುದು. ಹೀಗಿರಲು ಲೋಹವನ್ನೇ ಬಿರುದೆನ್ನುವುದು ದೇಹವನ್ನೇ ಆತ್ಮವೆನ್ನುವ ಚಾರ್ವಾಕಮತವಲ್ಲದೆ ಮತ್ತೇನು?

ಆ ಸರಕಾರಗಳು ಕ್ರೂರವಾಗಿದ್ದುವು, ಈಗ ಅಳಿದೂ ಹೋದುವು. ಅವು ಬರೆದಿಟ್ಟ ಹೆಸರುಗಳನ್ನು ನಾವೇಕೆ ಕಾಯಬೇಕು ಎಂದೂ ಮಿತ್ರರು ಕೇಳಿರುವರು. ಕ್ರೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. 1937ರಿಂದ 1939ರವರೆಗೆ ಮಂಗೋಲಿಯಾದಲ್ಲಿ ಕೊಲೆಯಾದವರು 20,000ಕ್ಕೆ ಕಡಿಮೆಯಿಲ್ಲ. ಅವರಲ್ಲಿ ಬಹುಮಂದಿ ಬೌದ್ಧ ಲಾಮಾಗಳು. ಪ್ರಧಾನಿಯಾಗಿದ್ದ ಗೆಂದೆನನನ್ನು 1937ರಲ್ಲಿಯೂ, ಅವನ ಸ್ಥಾನಕ್ಕೆ ಬಂದ ಅಮರನನ್ನು 1941ರಲ್ಲಿಯೂ ಮಾಸ್ಕೋಗೆ ಒಯ್ದು ಕೊಂದರು. ಕೊಂದದ್ದಲ್ಲದೆ ಇಂತಹವರ ಹೆಸರುಗಳನ್ನು ಎತ್ತದಂತೆ ಮಾಡಿದರು. 1992ರ ಹೊಸ ರಾಜ್ಯಾಂಗದೊಡನೆ ಆ ಜನಗಣರಾಜ್ಯವು ಕೊನೆಗೊಂಡಿತು. ಆದರೆ ಯಾವ ಹೆಸರನ್ನು ಅಳಿಸುವುದು ಆ ಸರಕಾರದ ಪಾಪವಾಗಿದ್ದಿತೋ, ಆ ಪಾಪವನ್ನು ಇಂದು ಅರವನ್ನು ಹಿಡಿದ ವ್ಯಾಪಾರಿಯು ಮುಂದುವರಿಸುತ್ತಿಲ್ಲವೆ? ಸರಕಾರವು ಭಯದಿಂದ ಅಳಿಸಿತು. ಇವನು ಲಾಭಕ್ಕಾಗಿ ಅಳಿಸುವನು. ಅವನಿಂದ ಕೊಂಡು, ಬೆಳ್ಳಿಯೊಂದು ಸಾಚಾ ಆದರೆ ಸಾಕೆನ್ನುವ ಸಂಗ್ರಾಹಕನು ಅವನ ಅರಕ್ಕೆ ಕೂಲಿ ಕೊಟ್ಟಂತಾಯಿತು.

ಸಂಗ್ರಾಹಕರನ್ನೆಲ್ಲ ನಾನು ದೂಷಿಸುವುದಿಲ್ಲ. ಸೋವಿಯತ್ ರಾಜ್ಯವು 1991ರಲ್ಲಿ ಒಡೆದುಹೋದ ಮೇಲೆ ಎಷ್ಟೋ ಮುದುಕರು ರೊಟ್ಟಿಗಾಗಿ ತಮ್ಮ ಪದಕಗಳನ್ನು ಬೀದಿಯಲ್ಲಿ ಮಾರಿದರು. ಅಂದು ಕೊಳ್ಳುವವರಿಲ್ಲದಿದ್ದರೆ ಅವುಗಳಲ್ಲಿ ಹಲವು ಅಕ್ಕಸಾಲೆಯ ಮೂಸೆಯಲ್ಲಿ ಕರಗುತ್ತಿದ್ದುವು. ರಷ್ಯದ ದಂಡಸಂಹಿತೆಯ 324ನೆಯ ವಿಧಿಯು ಸೋವಿಯತ್ ಬಿರುದುಗಳ ಅಕ್ರಮ ಕ್ರಯವಿಕ್ರಯವನ್ನು ಅಪರಾಧವೆನ್ನುವುದು; ಆದರೂ ಶಿಕ್ಷೆಯ ಭಯದಿಂದ ಕೆಲವರು ಸಂಖ್ಯೆಯನ್ನು ಇನ್ನಷ್ಟು ಆತುರದಿಂದ ಅಳಿಸುವರೇ ಹೊರತು ಹೆಸರು ಉಳಿಯುವುದಿಲ್ಲ. ಆದುದರಿಂದ ಕಾನೂನಿಗಿಂತ ಸಂಗ್ರಾಹಕರ ವಿವೇಕವೇ ಇಲ್ಲಿ ಮುಖ್ಯವೆಂದು ನನ್ನ ಮತ.

ನಾನು ಪಾಠಶಾಲೆಯಲ್ಲಿ ಓಲೆಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದಾಗ ನಮ್ಮ ಗುರುಗಳು ಒಂದು ಕಟ್ಟಪ್ಪಣೆ ಮಾಡಿದ್ದರು. ಹುಳು ತಿಂದು ಅಕ್ಷರ ಹೋದಲ್ಲಿ ಚುಕ್ಕೆಯಿಟ್ಟು ಜಾಗ ಬಿಡಬೇಕು. ಎಷ್ಟೇ ಸೊಗಸಾದ ಶಬ್ದ ಹೊಳೆದರೂ ತುಂಬಕೂಡದು. ಒಮ್ಮೆ ನಾನು ತುಂಬಿದೆನು. ಅವರು ಆ ಹಾಳೆಯನ್ನು ಹರಿದು, ಮೊದಲಿನಿಂದ ಬರೆಯಿಸಿದರು. ಮಿತ್ರರಿಗೂ ಅವರ ಸಹೋದ್ಯೋಗಿಗಳಿಗೂ ನಾನು ಕೇಳಿಕೊಳ್ಳುವುದು ಇಷ್ಟೆ. ಪುಸ್ತಕವನ್ನು ಪದಕದಿಂದ ಅಗಲಿಸಬೇಡಿರಿ. ಸಂಖ್ಯೆ ಅಳಿಸಿದುದನ್ನು ಎಷ್ಟು ಕಡಿಮೆ ಬೆಲೆಗೂ ಕೊಳ್ಳಬೇಡಿರಿ. ಯಾರಿಂದ, ಯಾವ ದಿನ, ಎಲ್ಲಿ ಕೊಂಡಿರೆಂಬುದನ್ನು ಬರೆದಿಡಿರಿ. ಒಡೆಯನು ತಿಳಿಯದಿದ್ದರೆ ಚೀಟಿಯಲ್ಲಿ ‘ಅಜ್ಞಾತ’ನೆಂದೇ ಬರೆಯಿರಿ, ಸೇನಾಪತಿಯನ್ನು ಕಲ್ಪಿಸಬೇಡಿರಿ.

ನನ್ನ ಶಿಷ್ಯನು ಆ ಪದಕವನ್ನು ನನ್ನಲ್ಲಿಯೇ ಬಿಟ್ಟುಹೋಗಿರುವನು. ಅದರ ಪೆಟ್ಟಿಗೆಯ ಮೇಲೆ ನಾನು ‘ಅಜ್ಞಾತ’ನೆಂದು ಬರೆದು, ಪಕ್ಕದಲ್ಲಿ ಓಲೆಯಲ್ಲಿ ಇಡುತ್ತಿದ್ದಂತೆ ಚುಕ್ಕೆಗಳನ್ನಿಟ್ಟಿರುವೆನು. ಆ ಜಾಗವನ್ನು ತುಂಬುವ ಅಧಿಕಾರವು ನನಗಿಲ್ಲ, ಅಂಗಡಿಯವನಿಗಿಲ್ಲ, ಮಿತ್ರರಿಗೂ ಇಲ್ಲ.