ಅಜ್ಜಿಯನ್ನು ದಾಟಿ ಹೋಗುವ ಹಳೆಯ ಹೆಸರುಗಳು

ಕಳೆದ ಎರಡು ವರ್ಷಗಳಲ್ಲಿ ಗೆಳತಿಯರ ಮನೆಗಳಲ್ಲಿ ಮೂರು ನಾಮಕರಣಗಳಿಗೆ ಹೋಗಿ ಬಂದೆ. ಮೂರೂ ಹೆಣ್ಣುಮಕ್ಕಳು. ಗಾರ್ಗಿ, ಮೈತ್ರೇಯಿ, ವೈದೇಹಿ. ಮೂರೂ ಮನೆಗಳಲ್ಲಿ ಕೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: "ಈ ಆದ್ಯಾ, ಸಾನ್ವಿ, ಕಿಯಾರಾ ಎಲ್ಲ ಕೇಳಿ ಕೇಳಿ ಸಾಕಾಗಿದೆ. ನಮಗೆ ಅರ್ಥವಿರುವ, ಹಳೇ ಕಾಲದ ಹೆಸರೇ ಬೇಕಿತ್ತು." ಒಬ್ಬಳಂತೂ 'ವಿಂಟೇಜ್' ಎಂಬ ಪದವನ್ನೇ ಬಳಸಿದಳು.

ಹಾಗಾಗಿ ನಮ್ಮಣ್ಣನಿಗೆ ಮಗಳು ಹುಟ್ಟಿ, ಹೆಸರು ಹುಡುಕುವ ಕೆಲಸ ಮನೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನೂ ಒಂದು ಹಳೆಯ ಹೆಸರು ಸೂಚಿಸಿದೆ. ಕೆಂಪಮ್ಮ. ನಮ್ಮ ಅಜ್ಜಿಯ, ಅಂದರೆ ಅಮ್ಮನ ತಾಯಿಯ ಹೆಸರು. ಹತ್ತು ನಿಮಿಷ ಬರೀ ನಗುವ ಮುಖಗಳು ಬಂದವು. "ತಮಾಷೆ ಸಾಕು ಕಣೇ, ನಿಜವಾಗಿ ಒಂದು ಹೇಳು" ಎಂದರು ಅತ್ತಿಗೆ. "ಸ್ಕೂಲಲ್ಲಿ ಆ ಮಗು ಗತಿ ಏನಾಗಬೇಕು?" ಎಂದ ಚಿಕ್ಕಪ್ಪನ ಮಗ. ನಾನು ತಮಾಷೆ ಮಾಡಿರಲಿಲ್ಲ.

ಆ ಮೂರು ಹೆಸರುಗಳ ಮೇಲೆ ನನಗೆ ಜಗಳವಿಲ್ಲ. ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿ ತುಂಬಿದ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಪ್ರಶ್ನಿಸಿದವಳು. ಮಗಳಿಗೆ ಆ ಹೆಸರಿಡುವುದು ಒಳ್ಳೆಯ ಆಸೆಯೇ. ನನ್ನ ಜಗಳ 'ಹಳೆಯದು' ಎಂಬ ಮಾತಿನ ಮೇಲೆ. ಗಾರ್ಗಿಯ ತಾಯಿಯನ್ನು ಕೇಳಿದೆ: ನಿನ್ನ ಅಜ್ಜಿಯ ಹೆಸರೇನು? ವೆಂಕಮ್ಮ. ಮುತ್ತಜ್ಜಿಯದು? ಸುಬ್ಬಮ್ಮ. ಅದರ ಹಿಂದೆ? ಗೊತ್ತಿಲ್ಲ. ಆ ಮನೆಯಲ್ಲಿ ನೆನಪಿರುವಷ್ಟು ಕಾಲ ಗಾರ್ಗಿ ಎಂಬ ಹೆಂಗಸು ಇರಲೇ ಇಲ್ಲ. ಆ ಮನೆಗೆ ಅದು ಹೊಚ್ಚ ಹೊಸ ಹೆಸರು.

ಇಂಗ್ಲಿಷ್ ಮಾತಾಡುವ ದೇಶಗಳಲ್ಲೂ ಹಳೆಯ ಹೆಸರುಗಳ ಈ ಗೀಳು ಇದೆ. ಹೇಜಲ್, ಎವ್ಲಿನ್, ವಯೊಲೆಟ್ ಮುಂತಾದವು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮನೆಮಾತಾಗಿದ್ದು, ನಡುವೆ ಮುದುಕಿಯರ ಹೆಸರೆನಿಸಿಕೊಂಡು, ಈಗ ಮತ್ತೆ ತೊಟ್ಟಿಲಿಗೆ ಬಂದಿವೆ. ಅಲ್ಲೂ ಆಯ್ಕೆ ಇದ್ದೇ ಇದೆ. ಅದೇ ಕಾಲದ ಗರ್ಟ್ರೂಡ್, ಮಿಲ್ಡ್ರೆಡ್, ಬರ್ತಾಗಳನ್ನು ಯಾರೂ ಮರಳಿ ಕರೆದಿಲ್ಲ. ಆದರೂ ಮರಳಿ ಬಂದವು ಮುತ್ತಜ್ಜಿಯರು ನಿಜವಾಗಿ ಹೊತ್ತಿದ್ದ ಹೆಸರುಗಳು. ನಮ್ಮಲ್ಲಿ ಹಾಗಾಗುತ್ತಿಲ್ಲ. ನಾವು ಅಜ್ಜಿಯನ್ನು ದಾಟಿ, ಮುತ್ತಜ್ಜಿಯನ್ನು ದಾಟಿ, ನೇರ ಉಪನಿಷತ್ತಿಗೆ ಹಾರುತ್ತೇವೆ. ನಮ್ಮ ಹಳತಿನಲ್ಲಿ ಒಲೆ ಊದಿದವರಿಲ್ಲ, ನಾಟಿ ಹಾಕಿದವರಿಲ್ಲ, ಹನ್ನೊಂದು ಹೆತ್ತವರಿಲ್ಲ.

"ಅಮ್ಮ, ಅವ್ವ ಅಂತ ಮುಗಿಯುವ ಹೆಸರುಗಳು ಹಳ್ಳಿ ಹೆಸರುಗಳು, ಹಳೆಯ ಹೆಸರುಗಳಲ್ಲ" ಎಂದು ಗೆಳತಿಯೊಬ್ಬಳು ವಾದಿಸಿದಳು. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಕನ್ನಡ ಶಾಸನಗಳಲ್ಲಿ ಬರುವ ಹೆಂಗಸರ ಹೆಸರುಗಳನ್ನು. ಅಲ್ಲಿ ದಿನವೂ ಸಿಗುವವರು ಇವರೇ. ಹತ್ತನೇ ಶತಮಾನದಲ್ಲಿ ಗಂಡ ಸತ್ತ ಮೇಲೆ ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದ ಅತ್ತಿಮಬ್ಬೆ. 1057ರ ಬೆಳತೂರು ಶಾಸನದ ದೇಕಬ್ಬೆ. ಅಬ್ಬೆ ಎಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ಬದುಕಿರುವ ಮಾತು. ಅಬ್ಬೆ, ಅವ್ವೆ, ಅವ್ವ ಒಂದೇ ಬಳ್ಳಿಯವು. ಹನ್ನೆರಡನೇ ಶತಮಾನಕ್ಕೆ ಬಂದರೆ ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ಕದಿರೆ ರೆಮ್ಮವ್ವೆ. ಅಕ್ಕಿ ಆಯ್ದ, ಭತ್ತ ಕುಟ್ಟಿದ, ನೂಲು ತೆಗೆದ ಕೈಗಳು ಹೆಸರಿನಲ್ಲೇ ಕಾಣುತ್ತವೆ. ಸಾವಿರ ವರ್ಷದ ದಾಖಲೆಯಿರುವ ಹೆಸರಿನ ಪದ್ಧತಿ ಹಳೆಯದಲ್ಲವಾದರೆ ಇನ್ನು ಯಾವುದು ಹಳೆಯದು?

ಮುಂದಿನ ವಾದ ನಾದದ್ದು. ಕೆಂಪಮ್ಮ ಎಂದರೆ ಕಿವಿಗೆ ಒರಟಂತೆ. ಆದರೆ ಕಿವಿ ಒಂದೊಂದು ಕಡೆ ಒಂದೊಂದು ಥರ ಕೇಳುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ಕೆಂಪೇಗೌಡರದ್ದು, ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಅವರದ್ದು, ಮೆಟ್ರೋ ನಿಲ್ದಾಣವೂ ಅವರದ್ದೇ. ಅಲ್ಲಿ ಯಾರಿಗೂ ಒರಟೆನಿಸದ 'ಕೆಂಪ' ತೊಟ್ಟಿಲ ಹತ್ತಿರ ಬಂದ ಕೂಡಲೇ ನಗು ತರಿಸುತ್ತದೆ. ಚೆನ್ನಮ್ಮನ ಹೆಸರಿನಲ್ಲಿ ಬೆಳಗಾವಿಯಲ್ಲಿ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯಲ್ಲಿ ವೃತ್ತವಿದೆ, ರೈಲೂ ಇದೆ. ಓಬವ್ವನ ಹೆಸರಿನಲ್ಲಿ ಚಿತ್ರದುರ್ಗದಲ್ಲಿ ಕ್ರೀಡಾಂಗಣವಿದೆ. ಕಲ್ಲಿಗೆ, ರೈಲಿಗೆ ಇಡಬಹುದಾದ ಹೆಸರನ್ನು ಮಗಳಿಗೆ ಇಡಲಾಗದು ಎನ್ನುವುದು ನಾದದ ಪ್ರಶ್ನೆಯಲ್ಲ. ಆ ಹೆಸರನ್ನು ಹೊತ್ತ ಬದುಕಿರುವ ಹೆಂಗಸರು ಈಗ ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ ಎಂಬ ಪ್ರಶ್ನೆ. ಗಾರ್ಗಿಯ ನಾಮಕರಣದ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರ ಹೆಸರು ಹೊನ್ನಮ್ಮ. ಹದಿಬದೆಯ ಧರ್ಮ ಬರೆದ ಸಂಚಿಯ ಹೊನ್ನಮ್ಮನ ಹೆಸರು. ಆ ಮನೆಯಲ್ಲಿ ಯಾರಿಗೂ ಅದು ವಿಂಟೇಜ್ ಅನ್ನಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ನನಗೆ ಸುಲಭವಾಗುತ್ತಿತ್ತು. ಇದೇ ವಾದವನ್ನು ಬಿಸಿಯಾಗಿ ಹಿಡಿದುಕೊಂಡು ಊರಿಗೆ ಹೋದೆ. ಅಮ್ಮ ಗುಂಪಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಅವಳಾದರೂ ನನ್ನ ಪರ ಇರುತ್ತಾಳೆ ಅಂದುಕೊಂಡಿದ್ದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು: "ನಮ್ಮವ್ವುನ್ನ ಯಾರು ಕೆಂಪಮ್ಮ ಅಂತ ಕರದ್ರವ್ವ? ಗದ್ದೆ ಯಜಮಾನ್ರ ಮನೇಲಿ ಮೊಳದುದ್ದ ಮಕ್ಳೂ ಕೆಂಪೀ ಅಂತ್ಲೇ ಕೂಗೋವು. ಓಟಿನ ಚೀಟಿಲಿ ಮಾತ್ರ ಅವ್ಳು ಕೆಂಪಮ್ಮ. ಅದ್ಕೇ ಕನವ್ವ ನಂಗೆ ಮೇಷ್ಟ್ರು ಮಗಳ ಹೆಸರು ಮಡಗಿದ್ದು, ಸರೋಜ ಅಂತ."

ಎಂ.ಎನ್. ಶ್ರೀನಿವಾಸ್ ಅವರು 'ಸಂಸ್ಕೃತೀಕರಣ' ಎಂದು ಕರೆದದ್ದನ್ನು ನಾವು ಸಂಶೋಧಕರು ಹೆಸರುಗಳ ಪಟ್ಟಿಯ ಮೇಲೆ ಬಲು ಸಲೀಸಾಗಿ ಅಂಟಿಸುತ್ತೇವೆ. ಕೆಳಗಿನವರು ಮೇಲಿನವರನ್ನು ಅನುಕರಿಸಿದರು ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಅಜ್ಜಿ ಅನುಕರಿಸುತ್ತಿರಲಿಲ್ಲ. ಮಗಳಿಗೆ ಒಂದು ಬೇಲಿ ಹಾಕುತ್ತಿದ್ದಳು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ತೆರೆದು ನೋಡಿ. ಜೀತದಾಳು ಗುತ್ತಿ ಮೆಚ್ಚಿದ ಹುಡುಗಿ ತಿಮ್ಮಿ, ಗೌಡರ ಮನೆಯ ಹುಡುಗಿ ಚಿನ್ನಮ್ಮ. ಇಬ್ಬರೂ ಮದುಮಗಳೇ, ಇಬ್ಬರದೂ ಹಳ್ಳಿಯ ಹೆಸರೇ. ಆದರೆ 'ಅಮ್ಮ' ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಹೆಸರಿಗಿಂತ ಮೊದಲೇ ಜಾತಿ ತೀರ್ಮಾನಿಸಿತ್ತು.

ಅಂದರೆ ಹಳೆಯ ಹೆಸರು ಬಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಿಟ್ಟವರಲ್ಲ. ವೆಂಕಮ್ಮನ ಮೊಮ್ಮಗಳಿಗೆ ಅದು ಅಭಿರುಚಿ. ಕೆಂಪಮ್ಮನ ಮಗಳಿಗೆ ಮಾನದ ಪ್ರಶ್ನೆ. ನನ್ನ ಮೊದಲ ವಾದದಲ್ಲಿ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ. ಅದು ನನ್ನ ತಪ್ಪು. ಹಾಸ್ಟೆಲ್ಲಿನಲ್ಲಿ ಕೂತು ಶಾಸನ ಓದುವವಳಿಗೆ ಕೆಂಪಮ್ಮ ಚೆಂದ ಕೇಳಿಸುವುದು, ಅವಳನ್ನು ಯಾರೂ ಕೆಂಪಿ ಎಂದು ಕೂಗಿಲ್ಲವಾದ್ದರಿಂದ.

ಹಳೆಯದೆಲ್ಲ ಮರಳಬೇಕು ಎಂದೂ ನಾನು ಹೇಳುತ್ತಿಲ್ಲ. ಸಾಲಾಗಿ ಹೆಣ್ಣು ಹುಟ್ಟಿದಾಗ 'ಇನ್ನು ಸಾಕು' ಎಂದು ಇಟ್ಟ ಸಾಕಮ್ಮಂದಿರು ನಮ್ಮ ಸೀಮೆಯಲ್ಲಿದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ 'ಬೇಡವಾದವಳು' ಎಂಬರ್ಥದ ನಕುಶಾ ಎಂಬ ಹೆಸರನ್ನು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭ ನಡೆಸಿ ಬೇರೆ ಹೆಸರಿಟ್ಟರು. ಅಂಥ ಹೆಸರುಗಳು ಹೋದದ್ದೇ ಒಳ್ಳೆಯದು. ಹಳತು ಎಂಬ ಒಂದೇ ಕಾರಣಕ್ಕೆ ಯಾವುದೂ ಪೂಜೆಗೆ ಅರ್ಹವಲ್ಲ.

ಹಾಗಾದರೆ ನನ್ನ ತಕರಾರು ಏನು? ಮಗಳಿಗೆ ಗಾರ್ಗಿ ಎಂದಿಡಿ, ಕಿಯಾರಾ ಎಂದಿಡಿ. ಇಷ್ಟವಾಯಿತು, ಇಟ್ಟೆವು ಎಂದು ಹೇಳಿ. 'ನಮ್ಮ ಬೇರು', 'ನಮ್ಮ ಪರಂಪರೆ' ಎನ್ನಬೇಡಿ. ಬೇರಿನ ಮಾತಾಡುವುದಾದರೆ ಮೊದಲು ಮುತ್ತಜ್ಜಿಯ ಹೆಸರೇನೆಂದು ಮನೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಅನೇಕರಿಗೆ ಅದೇ ಗೊತ್ತಿಲ್ಲ. ಗೊತ್ತಾದ ಮೇಲೆ ಆ ಹೆಸರಿಗೆ ನಗಬೇಡಿ. ನಾಟಕದಲ್ಲಿ, ಸಿನಿಮಾದಲ್ಲಿ, ತರಗತಿಯಲ್ಲಿ ನಿಂಗಮ್ಮ ಎಂದ ಕೂಡಲೇ ನಗು ಎದ್ದೇಳುವವರೆಗೂ ಯಾವ ತಾಯಿಯೂ ಆ ಹೆಸರನ್ನು ಮಗಳಿಗೆ ಇಡುವ ಧೈರ್ಯ ಮಾಡಳು. ಮಾಡು ಎಂದು ಅವಳನ್ನು ಕೇಳುವ ಹಕ್ಕೂ ನಮಗಿಲ್ಲ. ನಾಚಿಕೆ ಬಿಡಬೇಕಾದವಳು ಅವಳಲ್ಲ, ನಗುವವರು.

ಅಣ್ಣನ ಮಗಳಿಗೆ ಇಂಚರ ಎಂದು ಹೆಸರಾಯಿತು. ಒಳ್ಳೆಯ ಹೆಸರು. ನಾಮಕರಣದ ಸಂಜೆ ನೆಂಟರೆಲ್ಲ ಹೋದ ಮೇಲೆ ಅಮ್ಮನಿಗೆ ಕೇಳಿದೆ, ನಾನು ಅಜ್ಜಿಯ ಹೆಸರು ಹೇಳಿದ್ದು ಬೇಜಾರಾಯಿತೇನಮ್ಮ ಎಂದು. "ಬ್ಯಾಸರ ಯಾಕವ್ವ" ಎಂದಳು. "ಹೆಸರು ಮಡಗೋದು ದೊಡ್ಡದಲ್ಲ. ಪೂರ್ತಿ ಕೂಗ್ತಾರಾ ನೋಡು."