ಕೋಡಿಯ ಹಾದಿ

ಅರಸೀಕೆರೆ ಸೀಮೆಯ ಕಣಕಟ್ಟೆಯು ಪಶ್ಚಿಮಘಟ್ಟಗಳ ಮಳೆಯ ಮರೆಯಲ್ಲಿರುವ ಊರು. ಇಂತಹ ಬಯಲುಸೀಮೆಯಲ್ಲಿ ಕೆರೆಗಳು ಅನೇಕ ವರ್ಷ ತುಂಬದಿರುವುದುಂಟು. ಆಗ ಜನರು ಕೋಡಿಯ ಹಾದಿಯನ್ನೇ ಮರೆಯುವರು. ಆದರೆ ಅನಾವೃಷ್ಟಿಯ ನಾಡಿಗೆ ಅತಿವೃಷ್ಟಿಯು ಬಾರದೆಂಬ ನಿಯಮವಿಲ್ಲ.

ಶಾಸ್ತ್ರಜ್ಞರು ‘ನೂರು ವರ್ಷಕ್ಕೊಮ್ಮೆಯ ನೆರೆ’ ಎಂದರೆ, ಒಮ್ಮೆ ಬಂದ ಮೇಲೆ 99 ವರ್ಷ ನಿಶ್ಚಿಂತೆಯೆಂದರ್ಥವಲ್ಲ. ಪ್ರತಿ ವರ್ಷವೂ ಅದರ ಸಂಭವವು ನೂರಕ್ಕೆ 1. 30 ವರ್ಷ ಬಾಳುವ ಮನೆಯು ಒಮ್ಮೆಯಾದರೂ ಅದನ್ನು ಕಾಣುವ ಸಂಭವವು ನೂರಕ್ಕೆ ಸುಮಾರು 26. ಈ ಗಣಿತಕ್ಕೆ ದೀರ್ಘಕಾಲದ ಮಳೆಯ ಅಳತೆಯೇ ಮೂಲ. ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ಒಂದು ಹಸ್ತದಗಲದ ಪಾತ್ರೆಯಿಂದ ಮಳೆಯನ್ನಳೆಯುವ ಕ್ರಮವನ್ನು ಹೇಳಿರುವನು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಅಂಗಳದ ಮಳೆಯನ್ನು ಅಳೆದು ಬರೆದಿಡಿರಿ, ಒಣಗಿದ ಕೋಡಿಯ ನೆಲವು ಎಷ್ಟೇ ಅಗ್ಗವಾಗಿ ದೊರೆತರೂ ಅಲ್ಲಿ ಮನೆಯನ್ನು ಕಟ್ಟದಿರಿ.