ಮೇಷ್ಟ್ರ ಕೈಗೆ ‘ಎಲ್ಲೆಮ್ಮೆಸ್ಸು’: ಕೊಳ್ಳುವವರು ಯಾರು, ಹೊರುವವರು ಯಾರು?

ಮೇ ತಿಂಗಳು ಬಂತೆಂದರೆ ಸಾಕು, ಜಿಲ್ಲಾ ಕೇಂದ್ರದ ಲಾಡ್ಜುಗಳಲ್ಲಿ ಟೈ ಕಟ್ಟಿದ ಹುಡುಗರು ಕಾಣಿಸಿಕೊಳ್ಳುತ್ತಾರೆ. ಮೊದಲೆಲ್ಲ ಇಂಥವರ ಚೀಲದಲ್ಲಿ ಗೈಡು, ಗ್ಲೋಬು, ಭೂಪಟ ಇರುತ್ತಿತ್ತು. ಈಗ ಲ್ಯಾಪ್‌ಟಾಪು. ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರ ಮುಂದೆ ಅದನ್ನು ಬಿಚ್ಚಿಟ್ಟು ಅವರು ಮಾರುವ ಸರಕಿನ ಹೆಸರು ಎಲ್.ಎಂ.ಎಸ್. ಕನ್ನಡದಲ್ಲಿ ಹೇಳಲೇಬೇಕೆಂದರೆ ‘ಕಲಿಕಾ ನಿರ್ವಹಣಾ ವ್ಯವಸ್ಥೆ’. ಹೆಸರು ಕೇಳಿದ ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯವರೊಬ್ಬರು ‘ಎಲ್ಲೆಮ್ಮೆಸ್ಸಾ? ಎಲ್ಲಿ ಎಮ್ಮೆ, ಸ್ವಾಮಿ?’ ಅಂದರು. ತಮಾಷೆಗೆ ಅಂದದ್ದೇ ಆದರೂ ಪ್ರಶ್ನೆ ಸರಿಯಾಗಿಯೇ ಇದೆ. ಎಮ್ಮೆ ಎಲ್ಲಿದೆ, ಹುಲ್ಲು ಹಾಕುವವರು ಯಾರು, ಹಾಲು ಕರೆದುಕೊಂಡು ಹೋಗುವವರು ಯಾರು ಎಂದು ನೋಡದೆ ಹಗ್ಗ ಕೊಂಡವರೇ ನಮ್ಮಲ್ಲಿ ಜಾಸ್ತಿ.

ಇದೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಪಾಠದ ಟಿಪ್ಪಣಿ, ಹೋಂವರ್ಕು, ಕಿರುಪರೀಕ್ಷೆ, ಹಾಜರಿ, ಅಂಕಪಟ್ಟಿ, ಪೋಷಕರಿಗೆ ಕಳಿಸುವ ಸೂಚನೆ, ಇಷ್ಟನ್ನೂ ಒಂದೇ ಕಡೆ ಇಡುವ ಕಂಪ್ಯೂಟರ್ ಪದ್ಧತಿ. ಮೇಷ್ಟ್ರು ಈ ಕಡೆಯಿಂದ ಹಾಕುತ್ತಾರೆ, ಮಕ್ಕಳು ಆ ಕಡೆ ಮೊಬೈಲಿನಲ್ಲಿ ತೆಗೆದು ನೋಡುತ್ತಾರೆ. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ ದಿನವಹಿ, ಖಾತೆ, ಸ್ಟಾಕ್ ಪುಸ್ತಕ ಮೂರೂ ಒಂದೇ ರಟ್ಟಿನೊಳಗೆ.

ಅಂಗಡಿಯವರ ಮಾತು ಬಂದದ್ದಕ್ಕೆ ನೆನಪಾಯಿತು. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದಾಗ ನಡೆದದ್ದನ್ನು ನಮ್ಮ ಪೇಟೆ ಬೀದಿ ಮರೆತಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಓಣಿ ಓಣಿಗೆ ಬಂದರು. ಮೊದಲ ವರ್ಷ ಅಗ್ಗ. ಎರಡನೇ ವರ್ಷ ರಿನೀವಲ್. ಮೂರನೇ ವರ್ಷ ಫೋನ್ ಮಾಡಿದರೆ ‘ಆ ಹುಡುಗ ಕೆಲ್ಸ ಬಿಟ್ಟು ಹೋದ ಸಾರ್’. ಹಳೆಯ ಲೆಕ್ಕವನ್ನು ಹೊರಗೆ ತೆಗೆಯಲು ಬಾರದೆ ಮತ್ತೆ ಉದ್ರಿ ಪುಸ್ತಕಕ್ಕೇ ಮರಳಿದ ಅಂಗಡಿಗಳುಂಟು. ಶಾಲೆಯಲ್ಲಿ ಹಾಗಾದರೆ ಹೋಗುವುದು ಸಕ್ಕರೆ ಬೇಳೆಯ ಲೆಕ್ಕವಲ್ಲ. ಮಗು ಮೂರು ವರ್ಷ ಏನು ಕಲಿಯಿತು, ಎಲ್ಲಿ ಎಡವಿತು ಎಂಬ ಲೆಕ್ಕ.

ಸುಮ್ಮನೆ ಹೆದರಿಸಲು ಹೇಳುವ ಮಾತಲ್ಲ ಇದು. ಎಡ್‌ಮೋಡೊ ಎಂಬುದೊಂದಿತ್ತು. 2008ರಲ್ಲಿ ಅಮೆರಿಕದಲ್ಲಿ ಶುರುವಾಗಿ ಲೋಕದ ಕೋಟ್ಯಂತರ ಮಂದಿ ಮೇಷ್ಟ್ರು ಮಕ್ಕಳು ಪುಕ್ಕಟೆಯಾಗಿ ಬಳಸಿದ ಪದ್ಧತಿ. 2018ರಲ್ಲಿ ಚೀನಾದ ಕಂಪನಿಯೊಂದು ಅದನ್ನು ಕೊಂಡಿತು. 2022ರ ಸೆಪ್ಟೆಂಬರ್ 22ಕ್ಕೆ ಬಾಗಿಲು ಮುಚ್ಚಿತು. ಅಷ್ಟೇ. ಬೇಕಾದವರು ತಮ್ಮ ಗಂಟು ಮೂಟೆ ಅಷ್ಟರೊಳಗೆ ಕಟ್ಟಿಕೊಳ್ಳಬೇಕಿತ್ತು. ಇನ್ನು ನಮ್ಮ ಬೆಂಗಳೂರಿನ ಬೈಜೂಸ್ ಕಥೆ ಎಲ್ಲರಿಗೂ ಗೊತ್ತು. ಅದು ಎಲ್.ಎಂ.ಎಸ್. ಅಲ್ಲ, ಟ್ಯೂಷನ್ ವ್ಯಾಪಾರ. ಆದರೂ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರು ಬರೆಸಿಕೊಂಡಿದ್ದ ಕಂಪನಿ 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಮುಂದೆ ದಿವಾಳಿ ಪ್ರಕ್ರಿಯೆಗೆ ಒಳಗಾಯಿತಲ್ಲ, ಅದೂ ಅದೇ ಕ್ರಿಕೆಟ್ ಮಂಡಳಿಗೆ ಬಾಕಿ ಕೊಡದ ಕಾರಣಕ್ಕೆ! ಕಂಪನಿ ದೊಡ್ಡದು ಎಂಬ ಒಂದೇ ಧೈರ್ಯದ ಮೇಲೆ ಶಾಲೆಯ ದಫ್ತರನ್ನು ಯಾರದೋ ಮನೆಯಲ್ಲಿಡುವುದು ಜಾಣತನವಲ್ಲ.

ಹಾಗಾದರೆ ಗೂಗಲ್ ಕ್ಲಾಸ್‌ರೂಮ್ ಇದೆಯಲ್ಲ, ದುಡ್ಡಿಲ್ಲವಲ್ಲ ಎನ್ನುವವರಿದ್ದಾರೆ. ನಿಜ. 2014ರಲ್ಲಿ ಬಂದದ್ದು, ಶಾಲೆಗಳಿಗೆ ಪುಕ್ಕಟೆ, ಕಲಿಯಲು ಸುಲಭ. ಕೊರೋನಾ ಕಾಲದಲ್ಲಿ ಎಷ್ಟೋ ಮೇಷ್ಟ್ರ ಮಾನ ಉಳಿಸಿತು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಎಷ್ಟು ಬೇಕಾದರೂ ತುಂಬಿಕೊಳ್ಳಿ ಎಂದಿದ್ದ ಕಂಪನಿ, 2021ರ ಫೆಬ್ರವರಿಯಲ್ಲಿ ಮಾತು ಬದಲಿಸಿ ಒಂದು ಸಂಸ್ಥೆಗೆ ಇಷ್ಟೇ ಜಾಗ, 100 ಟೆರಾಬೈಟ್, ಎಂದು ಗೆರೆ ಎಳೆಯಿತು. ನಮ್ಮ ಊರಿನ ಹೈಸ್ಕೂಲು ಅಷ್ಟನ್ನು ಏಳು ಜನ್ಮಕ್ಕೂ ತುಂಬಿಸಲಾರದು, ಒಪ್ಪಿದೆ. ಆದರೆ ಪುಕ್ಕಟೆ ಕೊಟ್ಟವನು ಕರಾರನ್ನು ತನಗೆ ಬೇಕಾದ ದಿನ ತಿದ್ದುತ್ತಾನೆ. ಆಗ ನಮ್ಮ ಹೆಡ್‌ಮಾಸ್ಟರು ಯಾರ ಬಾಗಿಲು ಬಡಿಯಬೇಕು?

ಮೂರನೆಯದೊಂದಿದೆ, ಮೂಡಲ್. ಹೆಸರು ಕೇಳಿದರೆ ನಮ್ಮ ಮೂಡಲ ಸೀಮೆಯದೇ ಅನ್ನಿಸುತ್ತದೆ. ಇದು ಆಸ್ಟ್ರೇಲಿಯಾದ್ದು. ಮಾರ್ಟಿನ್ ಡೂಗಿಯಾಮಾಸ್ ಎಂಬಾತ 2002ರಲ್ಲಿ ಹೊರಗೆ ತಂದದ್ದು. ಈತ ಹುಡುಗನಾಗಿದ್ದಾಗ ಮರುಭೂಮಿಯ ನಡುವೆ, ಶಾಲೆಯೇ ಇಲ್ಲದ ಕಡೆ, ರೇಡಿಯೋ ಮೂಲಕ ಪಾಠ ಕೇಳಿ ಓದಿದವನು. ಅದಕ್ಕೇ ಇರಬೇಕು, ತಾನು ಮಾಡಿದ್ದನ್ನು ಬೀಗ ಹಾಕದೆ ಬಿಟ್ಟ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಮಗೆ ಬೇಕಾದಂತೆ ತಿದ್ದಬಹುದು, ಲೈಸೆನ್ಸ್ ದುಡ್ಡಿಲ್ಲ. ಫೋನಿಗೆ ಪಾಠ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ಓದಿಕೊಳ್ಳಬಹುದು. ಖರ್ಚು ಎಲ್ಲಿ ಎಂದರೆ ಅದನ್ನು ಇಡುವ ಸರ್ವರಿನ ಬಾಡಿಗೆಗೆ ಮತ್ತು ನೋಡಿಕೊಳ್ಳುವ ಒಬ್ಬ ಗಟ್ಟಿ ಮನುಷ್ಯನಿಗೆ. ಈ ಮನುಷ್ಯ ಇಲ್ಲದೆ ಮೂಡಲ್ ಹಾಕಿಕೊಂಡ ಶಾಲೆ, ಮೋಟಾರ್ ರಿಪೇರಿಯವನಿಲ್ಲದ ಊರಲ್ಲಿ ಬೋರ್‌ವೆಲ್ ಕೊರೆಸಿದಂತೆ.

ಒಂದೊಂದು ಶಾಲೆಗೆ ಇದು ಆಗದ ಕೆಲಸ. ಆದರೆ ಜಿಲ್ಲೆಗೊಂದು ಡಯಟ್ ಇದೆಯಲ್ಲ? ಮೇಷ್ಟ್ರಿಗೆ ತರಬೇತಿ ಕೊಡಲೆಂದೇ ಸರ್ಕಾರ ಕಟ್ಟಿ, ಸಂಬಳ ಕೊಟ್ಟು ಸಾಕುತ್ತಿರುವ ಸಂಸ್ಥೆ. ಅಲ್ಲಿ ಒಂದು ಮೂಡಲ್ ನಿಲ್ಲಿಸಿ, ಜಿಲ್ಲೆಯ ಸರ್ಕಾರಿ ಮತ್ತು ಅನುದಾನಿತ ಹೈಸ್ಕೂಲುಗಳಿಗೆಲ್ಲ ಒಂದೊಂದು ಕೋಣೆ ಬಿಟ್ಟುಕೊಟ್ಟರೆ ಆಗುವುದಿಲ್ಲವೆ? ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನಮಗೇ ಇದು ಹೊಳೆಯುತ್ತದೆ, ಡಾಕ್ಟರೇಟ್ ಮಾಡಿದವರಿಗೆ ಹೊಳೆದಿಲ್ಲವೆಂದರೆ ನಂಬುವುದು ಕಷ್ಟ.

ಸರ್ಕಾರದ ಬಳಿ ದೀಕ್ಷಾ ಇದೆ ಎನ್ನುತ್ತಾರೆ. ಇದೆ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ, ಶುರುವಾದದ್ದು. ಒಳಗಿನ ಯಂತ್ರ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದವರು ಕಟ್ಟಿದ್ದು. ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಕಪ್ಪು ಚೌಕುಳಿಯ ಕ್ಯೂಆರ್ ಕೋಡ್ ಇದೆಯಲ್ಲ, ಅದಕ್ಕೆ ಫೋನ್ ಹಿಡಿದರೆ ದೀಕ್ಷಾದಲ್ಲಿರುವ ಪಾಠ ಬರುತ್ತದೆ. 2020ರಲ್ಲಿ ಮೇಷ್ಟ್ರ ನಿಷ್ಠಾ ತರಬೇತಿಯೂ ಇದರ ಮೇಲೇ ನಡೆಯಿತು. ಒಳ್ಳೆಯ ಉಗ್ರಾಣ. ಆದರೆ ಉಗ್ರಾಣವೇ ಅಡುಗೆಮನೆಯಲ್ಲ. ಇಂಥ ಹಳ್ಳಿಯ ಎಂಟನೇ ತರಗತಿಯ ಹುಡುಗಿ ಭಿನ್ನರಾಶಿಯಲ್ಲಿ ಎಲ್ಲಿ ತಪ್ಪುತ್ತಿದ್ದಾಳೆ ಎಂದು ಅವಳ ಮೇಷ್ಟ್ರು ದಿನಾ ಬರೆದಿಟ್ಟುಕೊಳ್ಳುವ ಜಾಗ ಅದಲ್ಲ. ಜತೆಗೆ 2023ರ ಜನವರಿಯಲ್ಲಿ ಹೊರಬಿದ್ದ ಸುದ್ದಿ ನೆನಪಿರಲಿ. ದೀಕ್ಷಾದ ಮಾಹಿತಿ ಇಟ್ಟಿದ್ದ ಸರ್ವರೊಂದಕ್ಕೆ ಬೀಗವೇ ಹಾಕದೆ ಬಿಟ್ಟು, ಹತ್ತು ಲಕ್ಷಕ್ಕೂ ಹೆಚ್ಚು ಮೇಷ್ಟ್ರ ಹೆಸರು, ಫೋನ್ ನಂಬರು ಬಯಲಿಗೆ ಬಿದ್ದಿತ್ತು. ಮಕ್ಕಳ ಮಾಹಿತಿಯೂ ಲಕ್ಷಗಟ್ಟಲೆ ಇತ್ತು. ಸರ್ಕಾರದ ಮನೆಗೇ ಈ ಗತಿಯಾದರೆ, ಲಾಡ್ಜಿನಲ್ಲಿ ಇಳಿದುಕೊಂಡು ಹೋಗುವ ಕಂಪನಿಯ ಮನೆಗೆ ಬಾಗಿಲಾದರೂ ಇದೆಯೇ ಎಂದು ಕೇಳುವುದು ಬೇಡವೇ? ಹದಿನೆಂಟು ತುಂಬದ ಮಕ್ಕಳ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕೆಂದು 2023ರ ಕಾಯ್ದೆ ಹೇಳುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅಡ್ಮಿಷನ್ ಫಾರಂನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿ ‘ಸೈನ್ ಹಾಕಿ’ ಅಂದರೆ ಅದು ಒಪ್ಪಿಗೆಯಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಆರಿಸುವವರು ಯಾರು?

ನಮ್ಮ ಸೀಮೆಯಲ್ಲೇ ಎರಡು ಉದಾಹರಣೆ ಇದೆ. 1995ರಲ್ಲಿ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಬಂದವರು ಸುಮ್ಮನೆ ಕೂರದೆ ತಾವೇ ಕನ್ನಡದ ಕಾರ್ಡು ಬರೆದರು. ಅದೇ ನಲಿ ಕಲಿ. ಗೋಡೆಯ ಮೇಲೆ ಒಂದು ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಮಗುವೇ ತೋರಿಸುತ್ತದೆ. ನಾಲ್ಕು ದಿನ ಕೂಲಿಗೆ, ಜಾತ್ರೆಗೆ ಹೋಗಿ ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ, ಹಿಂದೆ ಬಿದ್ದೆ ಎಂಬ ಅವಮಾನವಿಲ್ಲ. ಸ್ವಾಮಿ, ಇದಕ್ಕಿಂತ ಎಲ್.ಎಂ.ಎಸ್. ಬೇಕೆ? ಕರೆಂಟು ಬೇಡ, ಪಾಸ್‌ವರ್ಡ್ ಬೇಡ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಹಬ್ಬಿದ ಮೇಲೆ ಕೆಲವು ಕಡೆ ಕಾಟಾಚಾರವಾಯಿತು ಎಂಬ ದೂರೂ ಇದೆ. ಆದರೆ ಹುಟ್ಟಿದ್ದು ಮೇಷ್ಟ್ರ ಕೈಯಲ್ಲಿ.

ಇನ್ನೊಂದು, ಪಕ್ಕದ ಚಾಮರಾಜನಗರದ್ದು. 2004ರ ಸೆಪ್ಟೆಂಬರ್ 20ರಂದು ಇಸ್ರೋದವರು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಪ್ರಯೋಗವಾಗಿ ಡಿಶ್ ಆಂಟೆನಾ, ಟಿ.ವಿ. ಬಂತು. ಒಳ್ಳೆಯ ಉದ್ದೇಶ, ಒಳ್ಳೆಯ ವಿಜ್ಞಾನಿಗಳು. ಆದರೆ ಆಕಾಶದಿಂದ ಇಳಿಯುವ ಪಾಠವನ್ನು ‘ಒಂಚೂರು ತಡಿ, ನಮ್ಮ ಹುಡುಗರಿಗೆ ಹಿಂದಿನ ಪಾಠವೇ ಅರ್ಥವಾಗಿಲ್ಲ’ ಎಂದು ನಿಲ್ಲಿಸಲು ಮೇಷ್ಟ್ರಿಗೆ ಗುಂಡಿಯೇ ಇರಲಿಲ್ಲ. 2010ಕ್ಕೆ ಉಪಗ್ರಹದ ಆಯಸ್ಸು ಮುಗಿಯಿತು.

ಈಗ ಬರುತ್ತಿರುವ ಲ್ಯಾಪ್‌ಟಾಪ್ ಸರಕು ಈ ಎರಡರಲ್ಲಿ ಯಾವ ಜಾತಿಯದು ಎಂಬುದೇ ಪ್ರಶ್ನೆ. ಆರಿಸುವ ಕೋಣೆಯಲ್ಲಿ ಕಾರ್ಯದರ್ಶಿ, ಖಜಾಂಚಿ, ಕಂಪನಿಯ ಹುಡುಗ ಇರುತ್ತಾರೆ. ಪಾಠ ಮಾಡುವ ಟೀಚರಮ್ಮ ಹೊರಗೆ ಬೆಂಚಿನ ಮೇಲೆ. ಕೊಂಡಾದ ಮೇಲೆ ಅವರನ್ನು ಕರೆದು ‘ನಾಳೆಯಿಂದ ಎಲ್ಲ ಇದರಲ್ಲೇ ಹಾಕ್ಬೇಕು ಮೇಡಂ’ ಅನ್ನುತ್ತಾರೆ.

ಮೇಷ್ಟ್ರ ಕೈ ಈಗಲೇ ತುಂಬಿದೆ. ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ಅಂಕ ತುಂಬಬೇಕು. ಯುಡೈಸ್‌ನಲ್ಲಿ ಶಾಲೆಯ ಜಾತಕ ತುಂಬಬೇಕು. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ಬೇರೆ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಮೀಕ್ಷೆಗೆಂದು ಮೊಬೈಲ್ ಹಿಡಿದು ಮನೆ ಮನೆ ತಿರುಗಿದ್ದೂ ಇವರೇ, ದಸರಾ ರಜೆಯನ್ನೇ ಅದಕ್ಕಾಗಿ ಮುಂದಕ್ಕೆ ಎಳೆದದ್ದೂ ಆಯಿತು. ಇಷ್ಟರ ಮೇಲೆ ಇನ್ನೊಂದು ಕಡೆ ಅದೇ ಹಾಜರಿ, ಅದೇ ಅಂಕ ಎರಡನೇ ಸಲ ತುಂಬಿ ಎಂದರೆ ಪಾಠ ಯಾವಾಗ? ಆದ್ದರಿಂದ ಮಾರಲು ಬಂದವನಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಇದರಿಂದ ಏನೇನು ಬರುತ್ತೆ?’ ಎಂದಲ್ಲ. ‘ಇದರಿಂದ ಮೇಷ್ಟ್ರು ಯಾವ ರಿಜಿಸ್ಟರ್ ಬರೆಯೋದು ತಪ್ಪುತ್ತೆ?’ ಎಂದು. ಉತ್ತರ ಇಲ್ಲದಿದ್ದರೆ ಕಾಫಿ ಕೊಟ್ಟು ಕಳಿಸಬಹುದು.

ಇನ್ನೊಂದು ಪರೀಕ್ಷೆ ಕನ್ನಡದ್ದು. ಕಂಪನಿಯವರು ತೋರಿಸುವ ಡೆಮೊ ಯಾವಾಗಲೂ ಇಂಗ್ಲಿಷಿನಲ್ಲಿರುತ್ತದೆ, ಅದೂ ಚಂದವಾಗಿರುತ್ತದೆ. ನಮ್ಮ ಮೇಷ್ಟ್ರುಗಳ ಹತ್ತು ಹದಿನೈದು ವರ್ಷದ ಪ್ರಶ್ನೆಪತ್ರಿಕೆಗಳು ನುಡಿಯ ಹಳೆಯ ಅಕ್ಷರದಲ್ಲಿ ಟೈಪಾಗಿ ಕೂತಿವೆ. ಅದನ್ನು ಹಾಗೇ ತಂದು ಅಂಟಿಸಿದರೆ ಯಾವುದೋ ಯಕ್ಷಲಿಪಿ ಮೂಡುತ್ತದೆ. ಯೂನಿಕೋಡಿಗೆ ಬದಲಿಸಿಕೊಂಡೇ ಹಾಕಬೇಕು, ಆ ಕೆಲಸ ಯಾರದು? ‘ದ್ವಂದ್ವ’, ‘ಸ್ವಾತಂತ್ರ್ಯ’ ಎಂದು ಒತ್ತಕ್ಷರದ ಪದ ಎರಡು ಬರೆಸಿ, ಒಂದು ಭಿನ್ನರಾಶಿಯ ಲೆಕ್ಕ ಹಾಕಿಸಿ, ಎದುರಿಗೇ ನೋಡಿ. ಹತ್ತು ನಿಮಿಷದ ಕೆಲಸ.

ಮತ್ತೆ ಫೋನಿನ ಮಾತು. ನಮ್ಮ ಕಡೆ ಮನೆಯಲ್ಲಿ ಒಳ್ಳೆ ಫೋನ್ ಅಂತ ಇರುವುದು ಬಹುಪಾಲು ಅಪ್ಪನದೊಂದೇ. ಅದು ಬೆಳಿಗ್ಗೆ ಏಳರ ಬಸ್ಸಿಗೆ ಅಪ್ಪನ ಜೇಬಿನಲ್ಲಿ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುತ್ತದೆ. ಈ ಬರಹವನ್ನು ಬಸ್ಸಿನಲ್ಲಿ ಕೂತು ಓದುತ್ತಿರುವವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಅಣ್ಣ ತಂಗಿ ಇಬ್ಬರಿದ್ದರೆ ಪಾಳಿ. ಹೀಗಿರುವಾಗ ‘ಸಂಜೆ ಆರರೊಳಗೆ ಸಬ್ಮಿಟ್ ಮಾಡಿ’ ಎಂಬ ಹೋಂವರ್ಕನ್ನು ಬಡವರ ಮಗು ಹೇಗೆ ಮಾಡೀತು? ಬಸ್ಸಿನ ಟಿಕೆಟ್ ಮೆಶಿನ್ ಕೈಕೊಟ್ಟರೆ ಕಂಡಕ್ಟರು ಬಸ್ ನಿಲ್ಲಿಸುವುದಿಲ್ಲ, ಚೀಲದಿಂದ ಹಳೆಯ ಟಿಕೆಟ್ ಕಟ್ಟು ತೆಗೆಯುತ್ತಾರೆ. ಶಾಲೆಯಲ್ಲೂ ಅಂಥದ್ದೊಂದು ಕಟ್ಟು ಇರಬೇಕು. ಫೋನಿಲ್ಲದ ಮಗು ಕಾಗದದಲ್ಲಿ ಬರೆದು ತಂದರೂ ಅಷ್ಟೇ ಅಂಕ ಸಿಗಬೇಕು.

ದುಡ್ಡಿನ ಲೆಕ್ಕ ಸರಳ. ಮಗುವಿಗೆ ವರ್ಷಕ್ಕೆ 300 ರೂಪಾಯಿ ಎಂದಿಟ್ಟುಕೊಳ್ಳಿ. 600 ಮಕ್ಕಳ ಶಾಲೆಗೆ ವರ್ಷಕ್ಕೆ 1,80,000. ಐದು ವರ್ಷಕ್ಕೆ ಒಂಬತ್ತು ಲಕ್ಷ. ಇದನ್ನು ಆಡಳಿತ ಮಂಡಳಿಯವರು ಮನೆಯಿಂದ ತರುವುದಿಲ್ಲ, ಫೀ ರಸೀತಿಯಲ್ಲಿ ಒಂದು ಸಾಲಾಗಿ ನಿಮ್ಮ ಜೇಬಿಗೇ ಬರುತ್ತದೆ.

ಉಪನಿರ್ದೇಶಕರಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಜೂನಿಗೆ ಮುಂಚೆ ಡಯಟ್‌ನಲ್ಲಿ ಒಂದು ಸಭೆ ಕರೆಯಲಿ, ಅದಕ್ಕೆ ಪಾಠ ಮಾಡುವವರನ್ನೇ ಕರೆಯಲಿ. ಪೇಟೆಯದೊಂದು, ಹಳ್ಳಿಯದೊಂದು ಹೈಸ್ಕೂಲು ಆರಿಸಿ, ಒಂದೇ ತರಗತಿಗೆ, ಜೂನಿನಿಂದ ದಸರಾ ರಜೆಯವರೆಗೆ ಪ್ರಯೋಗ ಮಾಡಲಿ. ಬೇಡವಾದ ದಿನ ಮಕ್ಕಳ ಲೆಕ್ಕವೆಲ್ಲ ಸಾಮಾನ್ಯ ಎಕ್ಸೆಲ್ ಹಾಳೆಯಾಗಿ ಕೈಗೆ ಬರುತ್ತದೆಯೇ ಎಂದು ಆಗಲೇ ತೆಗೆದು ನೋಡಲಿ. ಟೀಚರುಗಳು ಬೇಡವೆಂದರೆ ಬೇಡ, ನಾಲ್ಕು ತಿಂಗಳಲ್ಲಿ ಯಾರ ಗಂಟೂ ಹೋಗುವುದಿಲ್ಲ. ಕರಾರಿಗೆ ಸಹಿ ಆಮೇಲೆ.

ಅಲ್ಲಿಯವರೆಗೆ, ಫೀ ಕಟ್ಟಲು ಹೋದವರು ರಸೀತಿಯಲ್ಲಿ ‘ಆ್ಯಪ್ ಶುಲ್ಕ’ ಅಂತ ಇದ್ದರೆ, ಕಂಪನಿಯ ಜತೆ ಮಾಡಿಕೊಂಡ ಕರಾರು ಪತ್ರ ತೋರಿಸಿ ಎಂದು ಕೇಳಿ. ಗದ್ದಲ ಬೇಡ, ಮರ್ಯಾದೆಯಿಂದ ಕೇಳಿ. ತೋರಿಸಲಿಲ್ಲವೆಂದರೆ ನಮ್ಮ ಕಚೇರಿಗೆ ಒಂದು ಕಾರ್ಡು ಹಾಕಿ, ಇಲ್ಲವೇ ರಸೀತಿಯ ಫೋಟೋ ತಂದು ಕೊಡಿ. ನಿಮ್ಮ ಹೆಸರು ಹಾಕುವುದಿಲ್ಲ.